ಹಾಜಿ ಅಲಿಯಲ್ಲಿ ಸಮುದ್ರ ಏರಿತ್ತು ಎನ್ನುತ್ತಿದ್ದ ನಮ್ಮ ಅಜ್ಜ: ನಿಜವೇ, ಬರೀ ಕಥೆಯೇ?

ಕುಂದಾಪುರ–ಮಾಟುಂಗಾ:
ನಮ್ಮ ಅಜ್ಜ ಹದಿಮೂರನೆಯ ವಯಸ್ಸಿಗೇ ಬೊಂಬಾಯಿಗೆ ಬಂದು ಮಹಾಲಕ್ಷ್ಮಿಯ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವರು. ಮಹಾಯುದ್ಧ ಮುಗಿದ ವರ್ಷ, ಕಾರ್ತಿಕ ಮಾಸದ ಒಂದು ಬೆಳಗ್ಗೆ, ಮಳೆಯಿಲ್ಲ ಗಾಳಿಯಿಲ್ಲ, ಹಾಜಿ ಅಲಿಯ ಕಡೆ ನೀರು ಸುಮ್ಮನೆ ಏರಿ ಬಂತು ಎಂದು ಹೇಳುತ್ತಿದ್ದರು. ಭೂಮಿ ನಡುಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಮನೆಯಲ್ಲಿ ಎಲ್ಲರೂ ನಕ್ಕು ಬಿಡುತ್ತಿದ್ದೆವು.

ಈಗ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿರುವ ಮಗಳು ಮಕ್ರಾನ್ ಎಂಬ ಹೆಸರು ಹಿಡಿದು ಬಂದಿದ್ದಾಳೆ. ಒಂದು ಭೂಫಲಕ ಇನ್ನೊಂದರ ಅಡಿಗೆ ಇಳಿಯುವ ಸಬ್‌ಡಕ್ಷನ್ ವಲಯವಂತೆ. ಅಂಥ ವಲಯಗಳನ್ನು ದೇಶದೇಶದ ವಿಜ್ಞಾನಿಗಳು ಒಂದೇ ಹಡಗಿನಲ್ಲಿ ಹೋಗಿ ಕೊರೆದು ನೋಡುತ್ತಾರಂತೆ. ಜಪಾನಿನ ಸಮುದ್ರದ ತಳ ಕೊರೆದರೆ ಮುಂಬಯಿಗೆ ಏನು ಲಾಭ ಎಂದು ಕೇಳಿದೆ. ಅವಳಿಗೂ ಸರಿಯಾಗಿ ಹೇಳಲಾಗಲಿಲ್ಲ. ತಿಳಿದವರು ಹೇಳುವಿರಾ?

ಡೊಂಬಿವಲಿ ಸ್ಲೋ ಲೋಕಲ್:
ಹುಣ್ಣಿಮೆಯ ಉಬ್ಬರ ಇದ್ದೀತು. ಮಳೆಗಾಲದಲ್ಲಿ ಹಾಜಿ ಅಲಿ ದರ್ಗಾದ ದಾರಿ ಈಗಲೂ ಮುಳುಗುತ್ತದೆ. ಹಿರಿಯರ ನೆನಪಿನಲ್ಲಿ ನೀರು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇರುತ್ತದೆ.

ವಾಸ್ಕೊದಲ್ಲಿರುವ ಕಾರವಾರಿಗ:
ಡೊಂಬಿವಲಿಯವರೇ, ಹಳೆಯ ಪಂಚಾಂಗ ಸಿಕ್ಕರೆ ತೆಗೆದು ನೋಡಿ. 1945ರ ನವೆಂಬರ್ 19ಕ್ಕೆ ಹುಣ್ಣಿಮೆ. ಅಜ್ಜ ಹೇಳಿದ ಬೆಳಗ್ಗೆ ನವೆಂಬರ್ 28ರದು. ಹುಣ್ಣಿಮೆ ಕಳೆದು ಒಂಬತ್ತನೆಯ ದಿನ ಎಂದರೆ ಉಬ್ಬರವೂ ಇಳಿತವೂ ಸೊರಗಿರುವ ಹೊತ್ತು. ತಂಗಿ, ನಿಮ್ಮ ಅಜ್ಜ ಸುಳ್ಳು ಹೇಳಿಲ್ಲ.

ಅಂದು ನಸುಕಿನ ಮೂರೂವರೆಯ ಸುಮಾರಿಗೆ, ಈಗ ಪಾಕಿಸ್ತಾನದಲ್ಲಿರುವ, ಮಕ್ರಾನ್ ತೀರದ ಪಸ್ನಿಯ ಆಚೆ ಸಮುದ್ರದಡಿ 8.1 ಪ್ರಮಾಣದ ಭೂಕಂಪವಾಯಿತು. ಎಂಟೂ ಕಾಲರ ಹೊತ್ತಿಗೆ ಅಲೆ ಬೊಂಬಾಯಿ ಮುಟ್ಟಿತು. ಸುಮಾರು ಎರಡು ಮೀಟರ್ ಎತ್ತರ. ವರ್ಸೋವಾ, ಜುಹೂ, ದಾಂಡಾ, ಹಾಜಿ ಅಲಿ ಸೇರಿ ಹದಿನೈದು ಜನ ಕೊಚ್ಚಿಹೋದರು ಎಂದು ದಾಖಲೆ ಹೇಳುತ್ತದೆ. ನಡುವೆ ಹೆಚ್ಚುಕಡಿಮೆ ಐದು ಗಂಟೆ ಇತ್ತು ಎಂಬುದನ್ನು ಗಮನಿಸಿ. ಅಷ್ಟು ಹೊತ್ತಿನಲ್ಲಿ ಪಸ್ನಿಯಿಂದ ಒಂದು ಮಾತು ಬಂದಿದ್ದರೆ ಹಾಜಿ ಅಲಿಯವರು ಚಹಾ ಕುಡಿದು, ಮಕ್ಕಳನ್ನು ಎಬ್ಬಿಸಿ, ನಿಧಾನವಾಗಿ ಗುಡ್ಡ ಹತ್ತಬಹುದಿತ್ತು.

ಇನ್ನು ಜಪಾನಿನ ವಿಷಯ. ನಾನು ವಿಜ್ಞಾನಿಯಲ್ಲ. ಮೂವತ್ತು ವರ್ಷ ಸರ್ವೇ ಹಡಗುಗಳಲ್ಲೂ ಬಂದರುಗಳಲ್ಲೂ ಕೇಬಲ್, ಬ್ಯಾಟರಿ, ಮಾಪಕ ನೋಡಿಕೊಂಡವನು. ಆದರೂ 2012ರಲ್ಲಿ ಅವರು ಮಾಡಿದ ಕೆಲಸ ನೆನೆದರೆ ಈಗಲೂ ಟೋಪಿ ತೆಗೆಯಬೇಕೆನಿಸುತ್ತದೆ. 2011ರ ಮಾರ್ಚ್ 11ರ ತೊಹೊಕು ಭೂಕಂಪದಲ್ಲಿ, ಭೂಫಲಕ ಅಡಿಗಿಳಿಯುವ ಕಡೆ ಸಮುದ್ರತಳದಲ್ಲಿರುವ ಕಂದಕದ ಬಳಿ ನೆಲ ಒಮ್ಮೆಗೇ ಸುಮಾರು ಐವತ್ತು ಮೀಟರ್ ಜಾರಿತ್ತು. ಅಷ್ಟು ಜಾರಿದ್ದು ಹೇಗೆ? ಅಂಗೈ ಉಜ್ಜಿದರೆ ಬಿಸಿಯಾಗುತ್ತದಲ್ಲ, ಬಂಡೆ ಉಜ್ಜಿದರೂ ಬಿಸಿಯಾಗಬೇಕು; ಆ ಬಿಸಿ ಆರಿಹೋಗುವುದರೊಳಗೆ ಅಳೆಯಬೇಕು. ಅದಕ್ಕಾಗಿ ಚಿಕ್ಯು ಎಂಬ ಹಡಗು ವರ್ಷ ತುಂಬಿದೊಡನೆಯೇ ಅಲ್ಲಿಗೆ ಹೋಯಿತು. ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರು ಟೆಕ್ಸಸ್‌ನವರು, ಇನ್ನೊಬ್ಬರು ಕ್ಯೋಟೊದವರು. ನೀರೇ 6,900 ಮೀಟರ್ ಆಳ, ಅದರ ಕೆಳಗೆ ಮತ್ತೆ 850 ಮೀಟರ್ ಕೊರೆತ. ರಂಧ್ರದಲ್ಲಿ 55 ತಾಪಮಾಪಕಗಳ ಸರಪಳಿ ಇಳಿಸಿ, ತಿಂಗಳುಗಟ್ಟಲೆ ಬಿಟ್ಟು, ಮರುವರ್ಷ ರೋಬೊಟ್ ಇಳಿಸಿ ಮೇಲೆ ತಂದರು. ಅಷ್ಟು ಆಳದಲ್ಲಿ ಸಿಕ್ಕಿಕೊಳ್ಳದೆ ಮೇಲೆ ಬಂತಲ್ಲ, ನನಗೆ ಅದೇ ದೊಡ್ಡದು. ಸಿಕ್ಕ ಉತ್ತರ? ಸುತ್ತಲಿನ ಬಂಡೆಗಿಂತ ಬರೀ 0.31 ಡಿಗ್ರಿ ಹೆಚ್ಚು ಬಿಸಿ. ಎಂದರೆ ಉಜ್ಜಾಟವೇ ಬಹಳ ಕಡಿಮೆ. ಬಿರುಕಿನಲ್ಲಿ ತುಂಬಿದ್ದದ್ದು ಸ್ಮೆಕ್ಟೈಟ್ ಎಂಬ ಜೇಡಿ. ಆಷಾಢದಲ್ಲಿ ಪಾಚಿ ಕಟ್ಟಿದ ಬಾವಿಕಟ್ಟೆಯ ಮೇಲೆ ಕಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2016ರಲ್ಲಿ ಸುಮಾತ್ರದ ಎದುರು ಇನ್ನೊಂದು ಕೊರೆತವಾಯಿತು, ಜಾಯ್ಡಿಸ್ ರೆಸಲ್ಯೂಷನ್ ಹಡಗಿನಿಂದ. ಅಲ್ಲಿ ಕಂಡದ್ದೇ ಬೇರೆ. ಕಿಲೋಮೀಟರುಗಟ್ಟಲೆ ದಪ್ಪದ ಹೂಳು ಕಂದಕ ಸೇರುವ ಮೊದಲೇ ತನ್ನ ಖನಿಜದೊಳಗಿನ ನೀರು ಕಳೆದುಕೊಂಡು ಗಟ್ಟಿಯಾಗಿಬಿಟ್ಟಿರುತ್ತದೆ; ಹಾಗಾಗಿ ಕಂದಕದ ಬಾಯಿಯವರೆಗೂ ಒಡೆದುಕೊಳ್ಳುತ್ತದೆ, ಸುನಾಮಿ ದೊಡ್ಡದಾಗುತ್ತದೆ. ದಪ್ಪ ಹೂಳು ಇನ್ನೆಲ್ಲಿದೆ ಎಂದು ಹುಡುಕಿದಾಗ ಅವರು ಹೆಸರಿಸಿದ್ದರಲ್ಲಿ ಒಂದು ನಮ್ಮ ಮಕ್ರಾನ್. ಅಲ್ಲಿ ಹೂಳು ಏಳು ಕಿಲೋಮೀಟರಿನಷ್ಟಿದೆ. ನಿಮ್ಮ ಮಗಳಿಗೆ ಹೇಳಿ, ಸುಮಾತ್ರದ ಮಣ್ಣಿನಲ್ಲಿ ಮುಂಬಯಿಯ ಜಾತಕವೂ ಸ್ವಲ್ಪ ಇದೆ.

ಆದರೆ ಕೊರೆಯುವ ಹಡಗಿನ ಫೋಟೊ ಎಲ್ಲರೂ ಹಾಕುತ್ತಾರೆ. ಜೀವ ಉಳಿಸುವ ಸಹಕಾರ ನೋಡಲು ಬಹಳ ನೀರಸವಾಗಿರುತ್ತದೆ. ಒಮ್ಮೆ ಒಂದು ಬಂದರಿನಲ್ಲಿ ಕಡಲ ನೀರಿನ ಮಟ್ಟ ಅಳೆಯುವ ಉಬ್ಬರಮಾಪಕ ತಪ್ಪು ತೋರಿಸುತ್ತಿದೆ ಎಂದು ಹೋದೆ. ಬ್ಯಾಟರಿ ಸರಿ, ಕೇಬಲ್ ಸರಿ. ಕೊಳವೆಯ ಕೆಳಗಿನ ತೂತಿಗೆ ಚಿಪ್ಪುಗಳು ಮೆತ್ತಿಕೊಂಡು, ಹೊರಗೆ ನೀರು ಎಷ್ಟು ಎಗರಿದರೂ ಒಳಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ಸುನಾಮಿ ಬಂದಿದ್ದರೆ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಉಳಿಯಿಂದ ಕೆತ್ತಿ ತೆಗೆಯಲು ಅರ್ಧ ದಿನ ಹಿಡಿಯಿತು, ಬೆರಳು ಕೊಯ್ದುಕೊಂಡಿದ್ದು ಬೇರೆ. ಇಂಥ ಕೊಳವೆ ಪ್ರತಿ ದೇಶದಲ್ಲೂ ಸ್ವಚ್ಛವಾಗಿರಬೇಕು, ಅದರ ಅಂಕಿ ಗಡಿ ದಾಟಿ ಆ ಕ್ಷಣವೇ ಬರಬೇಕು.

2004ರ ಸುನಾಮಿಯ ನಂತರವೇ ಇದು ವ್ಯವಸ್ಥೆಯಾಗಿ ಬಂದದ್ದು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನಲ್ಲಿ 2007ರ ಅಕ್ಟೋಬರಿನಲ್ಲಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. 2011ರಿಂದ ಭಾರತ, ಆಸ್ಟ್ರೇಲಿಯಾ, ಇಂಡೊನೇಷ್ಯಾ ಮೂರೂ ಸೇರಿ ಹಿಂದೂ ಮಹಾಸಾಗರದ ದೇಶಗಳಿಗೆಲ್ಲ ಎಚ್ಚರಿಕೆ ಕೊಡುತ್ತಿವೆ. ದಿಲ್ಲಿ, ಇಸ್ಲಾಮಾಬಾದುಗಳು ಮಾತು ಬಿಟ್ಟರೂ ಮಾಪಕಗಳು ಮಾತಾಡುತ್ತಿರಬೇಕು. ನನ್ನ ಮಟ್ಟಿಗೆ ಅಂತರರಾಷ್ಟ್ರೀಯ ಸಹಕಾರ ಎಂದರೆ ಇಷ್ಟೇ.

ಒಂದು ವಿಷಯ: ಅಜ್ಜ ನೀರು ಎಷ್ಟು ಸಲ ಬಂತು, ಎಲ್ಲಿಯವರೆಗೆ ಬಂತು ಎಂದೇನಾದರೂ ಹೇಳಿದ್ದರೇ? ಇದ್ದರೆ ದಯವಿಟ್ಟು ಬರೆದಿಡಿ. ಯುನೆಸ್ಕೊ ಬೆಂಬಲದಲ್ಲಿ ಅರಬ್ಬಿ ಸಮುದ್ರದ ಸುತ್ತಲಿನ ಹಿರಿಯರ ಇಂಥ ನೆನಪುಗಳನ್ನೇ ಕಲೆಹಾಕಿದ್ದಾರೆ.

ಪಾಷಾಣದ ಕಲ್ಲು:
ಪುಣೆಯಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ. ಹಿರಿಯರ ಮಾತಿಗೆ ಸಣ್ಣ ಸೇರ್ಪಡೆ. ನಮ್ಮ ಊರಿನವರಿಗೆ ಭೂಕಂಪವೆಂದರೆ 1967ರ ಡಿಸೆಂಬರಿನ ಕೊಯ್ನಾ. ಅದಕ್ಕೂ ಸಬ್‌ಡಕ್ಷನ್‌ಗೂ ಸಂಬಂಧವಿಲ್ಲ, ಅದು ಜಲಾಶಯ ಪ್ರಚೋದಿಸಿದ್ದು. ಹಾಗೆಯೇ, ಅಪಾಯಕ್ಕೆ ಕಂದಕವೇ ಬೇಕೆಂದೂ ಇಲ್ಲ. 2015ರಲ್ಲಿ ಅದೇ ಜಾಯ್ಡಿಸ್ ರೆಸಲ್ಯೂಷನ್ ಕೊಲಂಬೊದಿಂದ ಹೊರಟು ಅರಬ್ಬಿ ಸಮುದ್ರದ ತಳ ಕೊರೆದು ಮುಂಬಯಿಯಲ್ಲಿ ಲಂಗರು ಹಾಕಿತ್ತು. ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರಾದ ಧನಂಜಯ ಪಾಂಡೆ ನಿಮ್ಮ ವಾಸ್ಕೊದ ಧ್ರುವ ಸಂಶೋಧನಾ ಕೇಂದ್ರದವರೇ. ಆಗ ಕೊರೆದ ಲಕ್ಷ್ಮಿ ಜಲಾನಯನ ಎಂಬ ಸಮುದ್ರತಳದ ತಗ್ಗಿನಲ್ಲಿ ಒಂದು ಕೋಟಿ ವರ್ಷಕ್ಕೂ ಹಿಂದಿನ ಮಹಾಕುಸಿತದ ಕೆಸರಿದೆ. ಅದಕ್ಕೆ ನಟರಾಜ ಎಂದು ಹೆಸರಿಟ್ಟಿದ್ದಾರೆ. ಸಮುದ್ರದಡಿಯ ಕುಸಿತವೂ ಸುನಾಮಿ ಎಬ್ಬಿಸಬಲ್ಲದು. 1945ರಲ್ಲಿ ಪಸ್ನಿಗೆ ದೊಡ್ಡ ಅಲೆ ತಡವಾಗಿ ಬಂದದ್ದಕ್ಕೂ ಅಂಥ ಕುಸಿತ ಕಾರಣವಿರಬಹುದು ಎಂಬ ವಾದವಿದೆ.

ಡೊಂಬಿವಲಿ ಸ್ಲೋ ಲೋಕಲ್:
ಹುಣ್ಣಿಮೆಯ ಮಾತು ಹಿಂತೆಗೆದುಕೊಂಡಿದ್ದೇನೆ. ಅಜ್ಜನವರ ಕ್ಷಮೆ ಕೋರುತ್ತೇನೆ.

ಕುಂದಾಪುರ–ಮಾಟುಂಗಾ:
ಎಲ್ಲರಿಗೂ ವಂದನೆ. ವಾಸ್ಕೊ ಸರ್ ಕೇಳಿದ್ದಕ್ಕೆ ರಾತ್ರಿಯೇ ಊರಿಗೆ ಫೋನ್ ಮಾಡಿದೆ. ಅಜ್ಜನ ತಂಗಿಗೆ ಈಗ ತೊಂಬತ್ತರ ಮೇಲಾಗಿದೆ, ಕಿವಿ ಮಂದ, ನೆನಪು ಚುರುಕು. ಅಣ್ಣ ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ. ನೀರು ಮೂರು ಸಲ ಬಂತು. ಮೊದಲ ಸಲ ಜನ ನೋಡಲು ಓಡಿದರು. ಎರಡನೆಯದು ಹೂವಿನವಳ ಬುಟ್ಟಿ ಎಳೆದುಕೊಂಡು ಹೋಯಿತು, ಹಿಡಿಯಲು ಅವಳೂ ಹೋದಳು. ಮೂರನೆಯದನ್ನು ಅಜ್ಜ ನೋಡಿಲ್ಲ, ಅಷ್ಟರಲ್ಲಿ ಹೋಟೆಲಿನ ಅಟ್ಟ ಹತ್ತಿ ಕುಳಿತಿದ್ದರು. ಮಗಳು ಇದನ್ನೆಲ್ಲ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದಾಳೆ.