ಜ್ವರ ಬಿಟ್ಟವರಿಗೆ ‘ಗೆಟ್ ಓವರ್’ ಅನ್ನಬೇಕಾ, ‘ಪುಲ್ ಥ್ರೂ’ ಅನ್ನಬೇಕಾ?

ಪ್ರಶ್ನೆ: ನಮ್ಮ ಮ್ಯಾನೇಜರ್ ವೈರಲ್ ಜ್ವರದಿಂದ ಎದ್ದು ಸೋಮವಾರ ಆಫೀಸಿಗೆ ಬರುತ್ತಿದ್ದಾರೆ. ಇಂಗ್ಲಿಷಿನಲ್ಲಿ ಒಂದು ಮೇಲ್ ಹಾಕಬೇಕು. ಎರಡರಲ್ಲಿ ಯಾವುದು ಸರಿ? ‘ರಿಕವರ್’ ಬೇಡ, ಸ್ವಲ್ಪ ಆಪ್ತವಾಗಿರಲಿ.

ಉತ್ತರ 1: ‘ಗೆಟ್ ಓವರ್’ ಹಾಕಿ. ‘ಪುಲ್ ಥ್ರೂ’ ಅಂದರೆ ಐಸಿಯುನಲ್ಲಿ ಮಲಗಿ, ಉಳಿಯುತ್ತಾರೋ ಇಲ್ಲವೋ ಅಂತ ಮನೆಯವರೆಲ್ಲ ಹೊರಗೆ ಕಾಯುತ್ತಾ ಕೂತಿದ್ದು, ಆಮೇಲೆ ಬದುಕಿ ಬಂದವರಿಗೆ ಹೇಳುವ ಮಾತು. ಮಾತ್ರೆಗೆ ಇಳಿದ ಜ್ವರಕ್ಕೆ ಅಷ್ಟೆಲ್ಲ ಜಾಸ್ತಿಯಾಯಿತು. ಇನ್ನೊಂದು, ‘ರಿಕವರ್’ ಆದಮೇಲೆ ‘ಫ್ರಮ್’ ಬರುತ್ತದೆ, ‘ಗೆಟ್ ಓವರ್’ ಆದಮೇಲೆ ಬರಲ್ಲ. ‘ಗೆಟ್ ಓವರ್ ದ ಫೀವರ್’ ಅಷ್ಟೇ.

ಉತ್ತರ 2: ‘ಇಟ್’ ಎಲ್ಲಿ ಇಡುತ್ತೀರಿ ನೋಡಿಕೊಳ್ಳಿ. ‘ಗೆಟ್ ಓವರ್ ಇಟ್’ ಅಂದರೆ ಚೇತರಿಸಿಕೊಳ್ಳುವುದು. ‘ಗೆಟ್ ಇಟ್ ಓವರ್ ವಿತ್’ ಅಂದರೆ ಹಲ್ಲು ಕೀಳಿಸುವಂಥ ಬೇಡದ ಕೆಲಸವನ್ನು ಒಂದೇ ಸಲ ಮುಗಿಸಿ ಕೈತೊಳೆದುಕೊಳ್ಳುವುದು. ಎರಡಕ್ಕೂ ಸಂಬಂಧವೇ ಇಲ್ಲ.

ಉತ್ತರ 3: ಬರೀ ‘ಗೆಟ್ ಓವರ್ ಇಟ್’ ಅಂತ ಮಾತ್ರ ಬರೆಯಬೇಡಿ ಮಾರಾಯ್ರೆ! ‘ಸಾಕು ನಿನ್ನ ಗೋಳು’ ಅಂತ ಗದರಿದ ಹಾಗಿರುತ್ತದೆ, ಅದೂ ಮ್ಯಾನೇಜರ್‌ಗೆ. ಯಾರನ್ನಾದರೂ ಕಳೆದುಕೊಂಡು ದುಃಖದಲ್ಲಿದ್ದವರಿಗಂತೂ ಹೇಳಲೇಬಾರದು. ‘ಐ ಹೋಪ್ ಯು ಹ್ಯಾವ್ ಗಾಟ್ ಓವರ್ ದ ಫೀವರ್’ ಅಂತ ಪೂರ್ತಿ ಬರೆಯಿರಿ.

ಪ್ರಶ್ನೆ ಕೇಳಿದವರು: ಅದನ್ನೇ ಕಳಿಸುತ್ತೇನೆ. ಥ್ಯಾಂಕ್ಸ್! ಕೆಲಸ ಹೋಗಿ ಮತ್ತೆ ಮೇಲೆದ್ದವರಿಗೆ ‘ಬೌನ್ಸ್ ಬ್ಯಾಕ್’ ಅನ್ನಬಹುದು ಅಲ್ವಾ?

ಉತ್ತರ 1: ಧಾರಾಳವಾಗಿ. ಸೋತ ಕ್ರಿಕೆಟ್ ಟೀಮಿಗೂ ಅದೇ.