ಸಹಾಯ ಬೇಕು: ಆರೋಗ್ಯವಂತ ಮಕ್ಕಳ ನೆತ್ತಿಯ ಚರ್ಮದ ತಪಾಸಣೆ

ಚರ್ಮರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿಯಾದ ನಾನು, ತಲೆಯಲ್ಲಿ ಯಾವ ತೊಂದರೆಯೂ ಕಾಣದ ಶಾಲಾ ಮಕ್ಕಳ ನೆತ್ತಿಯನ್ನು ಪರೀಕ್ಷಿಸಲು ಸಿದ್ಧತೆ ನಡೆಸಿದ್ದೇನೆ. ಲಕ್ಷಣಗಳಿಲ್ಲದೆಯೇ ಹುಳುಕಡ್ಡಿಯ ಶಿಲೀಂಧ್ರವನ್ನು ಹೊತ್ತ ಮಗುವಿನಿಂದ, ಒಂದೇ ಬಾಚಣಿಗೆ ಬಳಸುವ ಒಡಹುಟ್ಟಿದವರಿಗೂ ಅದು ಹರಡಬಲ್ಲದು.

ನಮ್ಮಲ್ಲಿ ಸಾಮಾನ್ಯವಾದ ಟ್ರೈಕೊಫೈಟಾನ್ ವಯೊಲೇಸಿಯಮ್ ಎಂಬ ಹುಳುಕಡ್ಡಿ ಶಿಲೀಂಧ್ರವು ವುಡ್ಸ್ ದೀಪದಡಿ (ಚರ್ಮ ಪರೀಕ್ಷೆಗೆ ಬಳಸುವ ನೇರಳಾತೀತ ಬೆಳಕಿನ ದೀಪ) ಹಸಿರಾಗಿ ಹೊಳೆಯುವುದಿಲ್ಲವಾದ್ದರಿಂದ, ಕ್ರಿಮಿಶುದ್ಧ ಬ್ರಷ್‌ನಿಂದ ತಲೆ ಬಾಚಿ, ಅದರ ಹಲ್ಲುಗಳನ್ನು ಶಿಲೀಂಧ್ರ ಬೆಳೆಸುವ ಸಬುರೋ ಅಗಾರ್ ತಟ್ಟೆಗೆ ಒತ್ತಿ, 4 ವಾರ ಕಾಯುವ ವಿಧಾನವನ್ನೇ ಆರಿಸಿಕೊಂಡಿದ್ದೇನೆ. ಆದರೆ ಅಭ್ಯಾಸಕ್ಕೆಂದು ಅಕ್ಕನ ಮಗಳ ಬಿಗಿ ಜಡೆ ಬಿಚ್ಚಿ ಬಾಚಿದಾಗ, ಹಲ್ಲುಗಳಿಗೆ ಕೊಬ್ಬರಿ ಎಣ್ಣೆಯಷ್ಟೇ ಅಂಟಿ ಬಂದಿತು.

ತಪಾಸಣೆಗೆ ಎಷ್ಟು ದಿನ ಮೊದಲು ಎಣ್ಣೆ ನಿಲ್ಲಿಸುವಂತೆ ತಾಯಂದಿರಿಗೆ ಹೇಳಬೇಕು, ಎಷ್ಟು ಸಲ ಬಾಚಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ. ಯಾವ ಮಗುವಿಗೂ ತರಗತಿಯಲ್ಲಿ ಅವಮಾನವಾಗದಂತೆ ಬರೆದ, ಸರಳ ಕನ್ನಡದ ಪೋಷಕರ ಒಪ್ಪಿಗೆ ಪತ್ರದ ಮಾದರಿಯಿದ್ದರೆ ಅದನ್ನೂ ಹಂಚಿಕೊಳ್ಳಬೇಕೆಂದು ವಿನಂತಿಸುತ್ತೇನೆ.