ರೇಸ್ ಕೊಟ್ಟರೆ ಇಂಜಿನ್ ಕೂಗುತ್ತೆ, ಎಟಿವಿ ಮಾತ್ರ ಏರು ಹತ್ತಲ್ಲ: ಅನುಭವ ಇದ್ದವರು ಹೇಳಿ

ಮಣ್ಣುಚಕ್ರ:
ಮಗನಿಗೆ ಅಂತ ಸೆಕೆಂಡ್ ಹ್ಯಾಂಡ್ 110 ಸಿಸಿ ಎಟಿವಿ (ಮಣ್ಣುದಾರಿಯಲ್ಲಿ ಓಡಿಸೋ ನಾಲ್ಕು ಚಕ್ರದ ಗಾಡಿ) ತಗೊಂಡೆ. ಮುಂದಕ್ಕೆ ಮೂರು ಗೇರ್, ಜೊತೆಗೆ ರಿವರ್ಸ್. ಕೈಯಲ್ಲಿ ಕ್ಲಚ್ ಇಲ್ಲ, ಕಾಲಲ್ಲಿ ಗೇರ್ ಒತ್ತಿದರೆ ಸಾಕು. ತಣ್ಣಗಿದ್ದಾಗ ಚೆನ್ನಾಗೇ ಓಡುತ್ತೆ. ಹತ್ತು ನಿಮಿಷ ಓಡಿಸಿ ಬಿಸಿ ಆದಮೇಲೆ ಏರಿನಲ್ಲಿ ಇಂಜಿನ್ ಕೂಗುತ್ತೆ, ಗಾಡಿ ತೆವಳುತ್ತೆ. ಇನ್ನೊಂದು ತಾಪತ್ರಯ: ಗೇರ್ ಹಾಕಿ ಸುಮ್ಮನೆ ನಿಂತರೆ ತಾನೇ ಮುಂದಕ್ಕೆ ಎಳೆಯುತ್ತೆ, ನ್ಯೂಟ್ರಲ್ ಸಿಗೋದೇ ಕಷ್ಟ. ನೋಡಿದ ಮೆಕ್ಯಾನಿಕ್ ಇಂಜಿನ್ ಇಳಿಸಬೇಕು ಅಂದರು. ಅದಕ್ಕೆ ಮುಂಚೆ ನಾನೇ ನೋಡಬಹುದಾದ್ದು ಏನಾದರೂ ಇದೆಯಾ?

ಹಳೇಪಾನಾ:
ಸದ್ಯಕ್ಕೆ ಕ್ಲಚ್ ಕವರ್‌ಗೆ ಕೈ ಹಾಕಬೇಡಿ. ನನ್ನ ಗಾಡಿಗೂ ಇದೇ ರೋಗ ಬಂದಿತ್ತು. ಕ್ಲಚ್ಚೇ ಅಂದುಕೊಂಡು ಪ್ಲೇಟ್ ಹೊಸದು ಹಾಕಿದೆ, ಒಂದಿಷ್ಟೂ ಬದಲಾಗಲಿಲ್ಲ. ಕೊನೆಗೆ ನೋಡಿದರೆ ಹಿಂದಿನ ಆಕ್ಸಲ್ ಮೇಲೆ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲುಚಕ್ರ) ಹಬ್ ಕೂರೋ ಜಾಗದ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಭಾರ ಬಿದ್ದಾಗ ಹಬ್ ಸುತ್ತುತ್ತಿತ್ತು, ಆಕ್ಸಲ್ ಸುತ್ತುತ್ತಿರಲಿಲ್ಲ. ಮೇಲೆ ಕೂತವನಿಗೆ ಅದು ಥೇಟ್ ಕ್ಲಚ್ ಸ್ಲಿಪ್ ಥರಾನೇ ಅನಿಸುತ್ತೆ.

ಇದನ್ನ ಪತ್ತೆ ಮಾಡೋಕೆ ಒಂದು ಚೂರು ಬಿಳಿ ಪೇಂಟ್ ಸಾಕು. ಇಂಜಿನ್ ಆಫ್ ಮಾಡಿ ಹಬ್ ಮತ್ತು ಆಕ್ಸಲ್ ಎರಡೂ ಸೇರೋ ಹಾಗೆ ಅಡ್ಡಗೆರೆ ಎಳೆಯಿರಿ. ಮುಂದಿನ ಚಿಕ್ಕ ಸ್ಪ್ರಾಕೆಟ್‌ಗೂ ಅದರ ಶಾಫ್ಟ್‌ಗೂ ಹಾಗೇ. ಏರು ಹತ್ತಿಸಿ ತಂದು ನೋಡಿ. ಗೆರೆ ಮುರಿದಿದ್ದರೆ ಕಳ್ಳ ಅಲ್ಲೇ. ಗೆರೆ ನೆಟ್ಟಗಿದ್ದರೆ ಆಮೇಲೆ ಕ್ಲಚ್ ಮೇಲೆ ಅನುಮಾನಪಡಿ.

ಹಾಗೇ ನ್ಯೂಟ್ರಲ್‌ನಲ್ಲಿ ಹಿಂಭಾಗ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೂ ಗಾಡಿ ಹೀಗೇ ಏದುಸಿರು ಬಿಡುತ್ತೆ.

ಎಣ್ಣೆಕೈ:
ಆಯಿಲ್ ಯಾವುದು ಹಾಕಿದ್ದೀರಿ? ಮೊದಲು ಅದು ಹೇಳಿ.

ಮಣ್ಣುಚಕ್ರ:
ಗೆರೆ ನೆಟ್ಟಗೇ ಇದೆ, ಬ್ರೇಕ್ ಕೂಡ ಫ್ರೀ. ಆಯಿಲ್... ಕಾರಿಗೆ ತಂದಿದ್ದರಲ್ಲಿ ಸ್ವಲ್ಪ ಉಳಿದಿತ್ತು, ಒಳ್ಳೆ ದುಬಾರಿ ಆಯಿಲ್ಲೇ. ಅದನ್ನೇ ಹಾಕಿದೆ.

ಎಣ್ಣೆಕೈ:
ಅಂದುಕೊಂಡೆ! ದುಬಾರಿ ಆದಷ್ಟೂ ತೊಂದರೆ ಜಾಸ್ತಿ ಆಗಬಹುದು ಸರ್. ಕಾರಿನ ಕ್ಲಚ್ ಸಾಮಾನ್ಯವಾಗಿ ಒಣ ಕ್ಲಚ್, ಇಂಜಿನ್ ಆಯಿಲ್ ಅದರ ಹತ್ತಿರಕ್ಕೂ ಹೋಗಲ್ಲ. ನಿಮ್ಮ ಗಾಡಿಯಲ್ಲಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಕ್ಲಚ್ ಪ್ಲೇಟ್ ಅದರಲ್ಲೇ ಮುಳುಗಿರುತ್ತೆ. ಮೈಲೇಜ್ ಹೆಚ್ಚಲಿ ಅಂತ ಕಾರಿನ ಎಷ್ಟೋ ಆಯಿಲ್‌ಗಳಿಗೆ ಘರ್ಷಣೆ ಕಡಿಮೆ ಮಾಡೋ ರಾಸಾಯನಿಕ ಸೇರಿಸಿರುತ್ತಾರೆ. ಪ್ಲೇಟ್‌ಗೆ ಬೇಕಾಗಿರೋದೇ ಘರ್ಷಣೆ! ಡಬ್ಬದ ಮೇಲೆ ಜಾಸೋ (ಜಪಾನಿನ ಆಯಿಲ್ ಮಾನದಂಡ) ಎಂಎ ಅಥವಾ ಎಂಎ2 ಅಂತ ಇರೋ ಬೈಕ್ ಆಯಿಲ್ ಹಾಕಿ. ಎಂಬಿ ಅಂತ ಇದ್ದರೆ ಬೇಡ, ಅದು ಆಯಿಲ್‌ನಲ್ಲಿ ಮುಳುಗದ ಕ್ಲಚ್ ಇರೋ ಸ್ಕೂಟರ್‌ಗಳಿಗೆ. ಗ್ರೇಡ್, ಅಳತೆ ಮ್ಯಾನುಯಲ್ ನೋಡಿ ಹಾಕಿ. ಒಂದೇ ಸಲಕ್ಕೆ ಹಳೇದು ಪೂರ್ತಿ ಹೋಗಲ್ಲ. ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಾಯಿಸಿ.

ಇಳಿಸಿದ ಆಯಿಲ್ ಹಾಗೇ ಚೆಲ್ಲಬೇಡಿ, ಮೂಸಿ ನೋಡಿ. ಸುಟ್ಟ ವಾಸನೆ ಇದ್ದರೆ ಪ್ಲೇಟ್ ಬೆಂದಿದೆ. ಬೆರಳಿಗೆ ಲೋಹದ ಚೂರು ಸಿಕ್ಕಿದರೆ ಮಾತ್ರ ಗೇರ್‌ಬಾಕ್ಸ್ ಚಿಂತೆ.

ತಿರುಪುತಜ್ಞ:
ಆಯಿಲ್ ಸರಿ, ಆದರೆ ಅಷ್ಟಕ್ಕೇ ಮುಗಿಯಲ್ಲ ಅನ್ಸುತ್ತೆ. ಈ ಥರ ಲಿವರ್ ಇಲ್ಲದ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಕ್ಲಚ್ ಇರುತ್ತೆ. ಒಂದು ಕ್ರ್ಯಾಂಕ್ (ಇಂಜಿನ್‌ನ ಮುಖ್ಯ ಶಾಫ್ಟ್) ತುದಿಯಲ್ಲಿ, ವೇಗ ಏರಿದಾಗ ಅದರ ತೂಕಗಳು ಹೊರಕ್ಕೆ ಅರಳಿ ತಾನೇ ಹಿಡಿಯುತ್ತೆ. ಇನ್ನೊಂದು ಪ್ಲೇಟ್‌ಗಳ ಕಟ್ಟು, ಗೇರ್ ಪೆಡಲ್ ಒತ್ತಿದಾಗ ಅದು ಬಿಟ್ಟುಕೊಳ್ಳುತ್ತೆ. ಬಲಗಡೆ ಕವರ್ ಮೇಲೆ ನಡುವೆ ಸ್ಕ್ರೂ, ಅದರ ಸುತ್ತ ಲಾಕ್ ನಟ್ ಇದೆಯಲ್ಲ, ಅದು ಈ ಎರಡನೇದರ ಅಡ್ಜಸ್ಟ್‌ಮೆಂಟ್.

ಆ ಸ್ಕ್ರೂ ಆಟವೇ ಇಲ್ಲದೆ ಬಿಗಿಯಾಗಿ ಕೂತಿದ್ದರೆ ನೀವು ಪೆಡಲ್ ಮುಟ್ಟದೇ ಇದ್ದರೂ ಕ್ಲಚ್ ಅರ್ಧ ಒತ್ತಿದ ಹಾಗೇ ಇರುತ್ತೆ. ಸ್ಲಿಪ್ ಆಗದೆ ಇನ್ನೇನಾಗುತ್ತೆ? ಜಾಸ್ತಿ ಸಡಿಲ ಇದ್ದರೆ ಗೇರ್ ಬೀಳೋದು ಕಷ್ಟ.

ನಾನು ಮಾಡೋದು ಹೀಗೆ: ಇಂಜಿನ್ ತಣ್ಣಗಿರಲಿ, ಆಫ್ ಇರಲಿ. ನಟ್ ಸಡಿಲಿಸಿ ಸ್ಕ್ರೂವನ್ನ ಗಡಿಯಾರದ ದಿಕ್ಕಿಗೆ ಒಂದು ಸುತ್ತು. ಆಮೇಲೆ ಉಲ್ಟಾ, ಬೆರಳಿಗೆ ಸಣ್ಣಗೆ ತಡೆ ಸಿಗೋವರೆಗೆ. ಒತ್ತಿ ತಿರುಗಿಸಬೇಡಿ, ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಅಲ್ಲಿಂದ ಮತ್ತೆ ಗಡಿಯಾರದ ದಿಕ್ಕಿಗೆ ಸುತ್ತಿನ ಎಂಟನೇ ಒಂದು ಭಾಗ. ಕೆಲವು ಗಾಡಿಗೆ ಕಾಲು ಸುತ್ತು, ಕೆಲವಕ್ಕೆ ದಿಕ್ಕೂ ಬೇರೆ ಇರಬಹುದು, ಮ್ಯಾನುಯಲ್ ನೋಡಿಕೊಳ್ಳಿ. ಸ್ಕ್ರೂ ಅಲುಗದ ಹಾಗೆ ಹಿಡಿದು ನಟ್ ಬಿಗಿ ಮಾಡಿ. ಎಲ್ಲರೂ ಎಡವೋದು ಇಲ್ಲೇ: ನಟ್ ತಿರುಗೋವಾಗ ಸ್ಕ್ರೂನೂ ಜೊತೆಗೆ ತಿರುಗಿಬಿಡುತ್ತೆ.

ನಿಂತಲ್ಲೇ ಎಳೆಯೋದು ಬೇರೆ ಕಥೆ. ಐಡಲ್ (ರೇಸ್ ಕೊಡದೆ ಇದ್ದಾಗಿನ ಇಂಜಿನ್ ವೇಗ) ಎಷ್ಟಿದೆ ನೋಡಿ. ಜಾಸ್ತಿ ಇದ್ದರೆ ಮೊದಲನೇ ಕ್ಲಚ್ ಪೂರ್ತಿ ಬಿಡೋದೇ ಇಲ್ಲ. ಗೇರ್ ಶಾಫ್ಟ್ ಸುತ್ತುತ್ತಲೇ ಇರುತ್ತೆ, ಹಾಗಾದಾಗ ನ್ಯೂಟ್ರಲ್ ಎಲ್ಲಿ ಸಿಗಬೇಕು.

ಬೆಲ್ಟ್‌ಗಾಡಿ:
ನನ್ನದು ಗೇರ್ ಇಲ್ಲದ, ಬೆಲ್ಟ್‌ನಲ್ಲಿ ಓಡೋ ಸಿವಿಟಿ ಗಾಡಿ. ಅಂಥದ್ದು ಇರೋರಿಗೆ ಒಂದು ಮಾತು: ನೀರು ದಾಟಿದ ಮೇಲೆ ಸ್ಲಿಪ್ ಆದರೆ ಗಾಬರಿ ಬೇಡ, ಬೆಲ್ಟ್ ನೆಂದಿರುತ್ತೆ. ಡ್ರೈನ್ ಪ್ಲಗ್ ತೆಗೆದು ನೀರು ಇಳಿಸಿ. ಒದ್ದೆ ಬೆಲ್ಟ್ ಮೇಲೆ ಜೋರಾಗಿ ರೇಸ್ ಕೊಟ್ಟರೆ ಬೆಲ್ಟೇ ಹಾಳಾಗುತ್ತೆ, ನಾನು ಒಂದು ಹಾಗೇ ಕಳಕೊಂಡಿದ್ದೇನೆ.

ಮಣ್ಣುಚಕ್ರ:
ಎರಡು ವಾರ ಆಯ್ತು, ವರದಿ ಒಪ್ಪಿಸ್ತೀನಿ. ಎಂಎ2 ಆಯಿಲ್ ಹಾಕಿದೆ, ಅರ್ಧ ಕಡಿಮೆ ಆಯ್ತು ಅಷ್ಟೇ. ಆಮೇಲೆ ಸ್ಕ್ರೂ. ಅಣ್ಣ, ನೀವು ಹೇಳಿದ ಹಾಗೇ ಅದು ಆಗಲೇ ಬಿಗಿಯಾಗಿತ್ತು, ಹಳೇ ಓನರ್ ಕೈಚಳಕ ಇರಬೇಕು. ಸರಿ ಮಾಡಿ ಅರ್ಧ ಗಂಟೆ ಓಡಿಸಿದೆ, ಅದೇ ಏರು ಈಗ ಎರಡನೇ ಗೇರ್‌ನಲ್ಲಿ ಹತ್ತುತ್ತೆ. ಐಡಲ್ ನಿಮಿಷಕ್ಕೆ 2000 ಸುತ್ತಿನ ಮೇಲಿತ್ತು, 1500ಕ್ಕೆ ಇಳಿಸಿದೆ; ಎಳೆಯೋದು ನಿಂತಿದೆ, ನ್ಯೂಟ್ರಲ್ ಬೀಳುತ್ತೆ.

ಒಂದು ಉಳಿದಿದೆ. ಮೂರನೇ ಗೇರ್‌ನಲ್ಲಿ ಜೋರಾಗಿ ಎಳೆದಾಗ ಟಕ್ ಅಂತ ಹಾರಿ ನ್ಯೂಟ್ರಲ್ ಥರ ಆಗುತ್ತೆ. ಇದಕ್ಕೂ ಸ್ಕ್ರೂ ತಿರುಗಿಸಲಾ?

ಹಳೇಪಾನಾ:
ಅಯ್ಯೋ, ಅದನ್ನ ಮತ್ತೆ ಮುಟ್ಟಬೇಡಿ! ಗೇರ್ ಹಾರೋದಕ್ಕೂ ಕ್ಲಚ್‌ಗೂ ಸಂಬಂಧ ಕಡಿಮೆ. ಮೊದಲು ಪೆಡಲ್ ಯಾವುದಕ್ಕೂ ತಾಗದೆ ಪೂರ್ತಿ ವಾಪಸ್ ಬರುತ್ತಾ ನೋಡಿ, ಮಗ ಕಾಲನ್ನ ಪೆಡಲ್ ಮೇಲೇ ಇಟ್ಟು ಓಡಿಸ್ತಾನಾ ಅದನ್ನೂ ನೋಡಿ. ಅದೆಲ್ಲ ಸರಿ ಇದ್ದೂ ಹಾರಿದರೆ ಗೇರ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳೋ ಹಲ್ಲಿನ ಮೂಲೆ ಸವೆದಿರುತ್ತೆ, ಇಲ್ಲವೇ ಶಿಫ್ಟ್ ಫೋರ್ಕ್ (ಗೇರ್ ಸರಿಸೋ ಕವೆ) ಬಗ್ಗಿರುತ್ತೆ. ಅದಕ್ಕೆ ಇಂಜಿನ್ ಇಳಿಸಿ ಕೇಸ್ ಬೇರೆ ಮಾಡಲೇಬೇಕು. ಅಲ್ಲಿಯವರೆಗೆ ಎರಡರಲ್ಲೇ ಓಡಿಸಲಿ, ಹಾರೋ ಒಂದೊಂದು ಸಲಕ್ಕೂ ಹಲ್ಲು ಇನ್ನಷ್ಟು ಸವೆಯುತ್ತೆ.

ತಿರುಪುತಜ್ಞ:
ಲಾಕ್ ನಟ್‌ಗೂ ಕವರ್‌ಗೂ ಸೇರಿಸಿ ಒಂದು ಪೇಂಟ್ ಗೆರೆ ಎಳೆದಿಡಿ. ಮುಂದೆ ಯಾರಾದರೂ ಕೈ ಹಾಕಿದರೆ ಗೊತ್ತಾಗುತ್ತೆ.